ಬೈಕಿಲ್ಲ, ಕಾರಿಲ್ಲ, ಭಾನುವಾರ ಒಂದೇ ರಜೆ: ಬಸ್ಸಲ್ಲೇ ಹೋಗಿಬರುವ ಬೆಟ್ಟ ಹೇಳಿ

ಎಂಟನೇ ಮೈಲಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ದಾಸರಹಳ್ಳಿಯ ಒಂದು ಪಿಜಿಯಲ್ಲಿದ್ದೇನೆ, ಕೆಲಸ ಪೀಣ್ಯದಲ್ಲಿ. ಊರು ತೀರ್ಥಹಳ್ಳಿ ಕಡೆ, ಹಾಗಾಗಿ ಗುಡ್ಡ ಹತ್ತುವುದು ಹೊಸದಲ್ಲ. ಇಲ್ಲಿಗೆ ಬಂದ ಮೇಲೆ ಕಾಲಿಗೆ ಕೆಲಸವೇ ಇಲ್ಲ. ಬೈಕ್ ಓಡಿಸಲು ಬರುವುದಿಲ್ಲ, ಕಾರಿನ ಮಾತು ಬಿಡಿ.

ಹೋದ ತಿಂಗಳು ಒಂದು ಟ್ರೆಕ್ಕಿಂಗ್ ಗುಂಪಿನ ಜೊತೆ ಹೋಗಿದ್ದೆ. 1,300 ರೂಪಾಯಿ. ರಾತ್ರಿ ಹನ್ನೊಂದಕ್ಕೆ ಟೆಂಪೋ ಟ್ರಾವೆಲರ್ ಹತ್ತಿಸಿಕೊಂಡರು. ಬೆಂಗಳೂರೆಲ್ಲ ಸುತ್ತಿ ಜನರನ್ನು ತುಂಬಿಕೊಂಡು ಎರಡೂವರೆಗೆ ಬೆಟ್ಟದ ಬುಡಕ್ಕೆ ತಂದು ನಿಲ್ಲಿಸಿ, ಗೇಟ್ ತೆಗೆಯುವ ತನಕ ಮಲಗಿ ಅಂದರು. ಎಲ್ಲಿ ಮಲಗುವುದು? ಸೀಟಲ್ಲೇ ಕತ್ತು ವಾಲಿಸಿಕೊಂಡು. ಯಾರೋ ಸ್ಪೀಕರ್ ಬೇರೆ ತಂದಿದ್ದರು. ಮೇಲೆ ಹೋದ ಮೇಲೆ ಮಂಜು ಕಂಡಿದ್ದಕ್ಕಿಂತ ಸೆಲ್ಫಿ ಸ್ಟಿಕ್ ಕಂಡಿದ್ದೇ ಜಾಸ್ತಿ.

ಸರ್ಕಾರಿ ಬಸ್ಸಲ್ಲೋ ರೈಲಲ್ಲೋ ಬೆಳಿಗ್ಗೆ ಹೊರಟು, ಕತ್ತಲಾಗುವ ಮೊದಲು ಪಿಜಿ ಸೇರುವ ಹಾಗೆ ಯಾವ ಬೆಟ್ಟ ಇದೆ? ಹೆಚ್ಚಾಗಿ ಒಬ್ಬಳೇ ಇರುತ್ತೇನೆ. ನೆಟ್‌ನಲ್ಲಿ ಹುಡುಕಿದರೆ ಎಲ್ಲರೂ ಬೈಕಲ್ಲಿ ಒಂದೂವರೆ ಗಂಟೆ ಅಂತಲೇ ಶುರು ಮಾಡುತ್ತಾರೆ.

ನೆಲಮಂಗಲದವನು:
ದಾಸರಹಳ್ಳಿಯಲ್ಲಿದ್ದು ಈ ಪ್ರಶ್ನೆ ಕೇಳುತ್ತೀರಲ್ಲ ಮೇಡಂ! ಮನೆ ಮುಂದಿನ ತುಮಕೂರು ರೋಡಲ್ಲೇ ಶಿವಗಂಗೆ ಇದೆ. ಎಂಟನೇ ಮೈಲಿಯಲ್ಲಿ ತುಮಕೂರು ಬಸ್ ಹತ್ತಿ ದಾಬಸ್‌ಪೇಟೆಯಲ್ಲಿ ಇಳಿಯಿರಿ. ಅಲ್ಲಿಂದ ಬೆಟ್ಟದ ಬುಡಕ್ಕೆ ಏಳೆಂಟು ಕಿಲೋಮೀಟರ್, ಬಸ್ಸೂ ಇದೆ, ಶೇರ್ ಆಟೋನೂ ಸಿಗುತ್ತದೆ. ಒಂದೇ ಎಚ್ಚರಿಕೆ, ನಾನ್‌ಸ್ಟಾಪ್ ಬಸ್ ದಾಬಸ್‌ಪೇಟೆಯಲ್ಲಿ ನಿಲ್ಲಿಸುವುದಿಲ್ಲ. ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಇಲ್ಲ ಅಂದರೆ ಕ್ಯಾತ್ಸಂದ್ರ ನೋಡಿಕೊಂಡು ಬರಬೇಕಾಗುತ್ತದೆ.

ಸುಮ್ನೆ ಬಂದೆ:
ಕ್ಯಾತ್ಸಂದ್ರದಲ್ಲಿ ಇಳಿದರೆ ತಟ್ಟೆ ಇಡ್ಲಿ ಸಿಗುತ್ತದೆ. ನಷ್ಟ ಏನಿಲ್ಲ.

ಗೇರ್ ಸೈಕಲ್:
ಬಸ್ಸಲ್ಲಿ ಹೋಗಿ ಬೆಟ್ಟ ಹತ್ತಿ ಬರುವುದು ಅಂದರೆ ದಿನದ ಅರ್ಧ ಕಾಯುವುದರಲ್ಲೇ ಹೋಗುತ್ತದೆ. ಸೂರ್ಯೋದಯ ಅಂತೂ ಸಿಗುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಸ್ಕೂಟರ್ ತೆಗೆದುಕೊಳ್ಳಿ, ಕಲಿಯಲು ಒಂದು ವಾರ ಸಾಕು.

ಕಿಟಕಿ ಸೀಟು:
ಸೂರ್ಯೋದಯ ಬೇಕು ಅಂತ ಅವರೆಲ್ಲಿ ಹೇಳಿದರು? ಈ ಸೂರ್ಯೋದಯದ ಹುಚ್ಚಿನಿಂದಲೇ ಇಷ್ಟೆಲ್ಲ ರಗಳೆ. ಭಾನುವಾರ ಬೆಳಗಿನ ಜಾವ ನಂದಿ ರಸ್ತೆ ನೋಡಿದ್ದೀರಾ? ಕಾರಿನ ಸಾಲಿನಲ್ಲೇ ಬೆಳಕಾಗುತ್ತದೆ. ಅದೇ ನಂದಿಗೆ ನಾನು ಚಿಕ್ಕಬಳ್ಳಾಪುರದ ಕಡೆಯ ಬಸ್ ಹಿಡಿದು ನಂದಿ ಊರಲ್ಲಿ ಇಳಿಯುತ್ತೇನೆ. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ತಂದ ಚಪಾತಿ ತಿಂದು, ಸುಲ್ತಾನಪೇಟೆ ಕಡೆಯ ಕಾಲುದಾರಿ ಹಿಡಿದು ಹತ್ತುತ್ತೇನೆ. ಕಾರಲ್ಲಿ ಬಂದವರು ಅಷ್ಟು ಹೊತ್ತಿಗೆ ಇಳಿದು ಹೊರಟಿರುತ್ತಾರೆ. 1,478 ಮೀಟರ್ ಎತ್ತರದ ಬೆಟ್ಟ ಮಧ್ಯಾಹ್ನವೂ ತಣ್ಣಗೇ ಇರುತ್ತದೆ ಸ್ವಾಮಿ.

ಕಾಯುವುದರ ಬಗ್ಗೆ ಹೇಳಿದಿರಿ. ಬಸ್ ಸ್ಟ್ಯಾಂಡಲ್ಲಿ ಕಾಯುವುದೂ ಓಡಾಟದ ಭಾಗವೇ. ಸೊಪ್ಪಿನ ಮೂಟೆ ಇಟ್ಟುಕೊಂಡ ಅಜ್ಜಿ ಪಕ್ಕ ಕೂತರೆ ಯಾವ ಬೆಟ್ಟಕ್ಕೆ ಯಾವ ದಾರಿ, ಯಾರ ತೋಟದಲ್ಲಿ ಚಿರತೆ ಬಂದಿತ್ತು, ಎಲ್ಲ ಗೊತ್ತಾಗುತ್ತದೆ. ಸ್ಕೂಟರ್ ಮೇಲೆ ಹೆಲ್ಮೆಟ್ ಒಳಗೆ ಕೂತವರಿಗೆ ಏನು ಗೊತ್ತಾಗುತ್ತದೆ?

ಗೇರ್ ಸೈಕಲ್:
ಹೆಲ್ಮೆಟ್ ಒಳಗೆ ನೆಮ್ಮದಿ ಗೊತ್ತಾಗುತ್ತದೆ. ಸೀಟು ಸಿಗದೆ ನೆಲಮಂಗಲದ ತನಕ ನಿಂತುಕೊಂಡು ಹೋಗುವಾಗ ನಿಮ್ಮ ಅಜ್ಜಿ ಕಥೆ ಎಲ್ಲಿ ಬರುತ್ತದೆ ನೋಡೋಣ.

ಪುಟ್ಟಕ್ಕ:
ಎಂಟನೇ ಮೈಲಿ ತಂಗಿ, ನಾನೂ ಒಬ್ಬಳೇ ತಿರುಗುವವಳು. ಕೆಲವು ಮಾತು ಹೇಳುತ್ತೇನೆ, ಯಾರು ಏನೇ ಅನ್ನಲಿ.

ಮೊದಲ ಸಲ ಹೋಗುವಾಗ ಮೇಲೆ ದೇವಸ್ಥಾನ ಇರುವ ಬೆಟ್ಟವನ್ನೇ ಆರಿಸಿಕೋ. ದೇವಸ್ಥಾನ ಇದ್ದರೆ ಮೆಟ್ಟಿಲು ಇರುತ್ತದೆ, ಹೂವು ಮಾರುವವರಿರುತ್ತಾರೆ, ಮಕ್ಕಳು ಮರಿ ಕಟ್ಟಿಕೊಂಡು ಬಂದ ಸಂಸಾರಗಳಿರುತ್ತವೆ. ಒಂಟಿ ಅನ್ನಿಸುವುದಿಲ್ಲ. ಸಾವನದುರ್ಗದ ಬಂಡೆ, ಸ್ಕಂದಗಿರಿ, ಮಾಕಳಿದುರ್ಗ ಆಮೇಲೆ ನೋಡಿದರಾಯಿತು. ಅಲ್ಲಿಗೆ ಜೊತೆ ಇದ್ದರೆ ಒಳ್ಳೆಯದು.

ಎರಡನೆಯದು, ಹೋಗುವ ಬಸ್ಸಿಗಿಂತ ವಾಪಸ್ ಬರುವ ಬಸ್ ಮುಖ್ಯ. ಬೆಟ್ಟದ ಬುಡದಲ್ಲಿ ಇಳಿದ ತಕ್ಷಣ ಅಲ್ಲೇ ಟೀ ಅಂಗಡಿಯಲ್ಲಿ ಕೊನೇ ಬಸ್ ಎಷ್ಟಕ್ಕೆ ಅಂತ ಕೇಳು. ಅವರು ಐದೂವರೆ ಅಂದರೆ ನೀನು ನಾಲ್ಕೂವರೆಗೆ ಕೆಳಗಿರು. ಆ ಅಂಗಡಿಯವರಿಗೆ ನಿನ್ನ ಮುಖ ನೆನಪಿರುತ್ತದೆ. ತಡವಾದರೆ ಮೇಲೊಂದು ಹುಡುಗಿ ಹೋಗಿದ್ದಾಳೆ ಅಂತ ಅವರೇ ಯಾರಿಗಾದರೂ ಹೇಳುತ್ತಾರೆ.

ಇನ್ನು ಟಿಕೆಟ್. 2023ರ ಜೂನ್ 11ರಿಂದ ನಮಗೆ ಬಸ್ ಫ್ರೀ ಅಲ್ವಾ, ಆಧಾರ್ ಇಟ್ಟುಕೊಂಡಿರು. ರಾಜಹಂಸ, ಐರಾವತಕ್ಕೆ ನಡೆಯುವುದಿಲ್ಲ, ಕೆಂಪು ಬಸ್ಸೇ ಹಿಡಿ. ಶೂನ್ಯ ಟಿಕೆಟನ್ನು ಕೇಳಿ ತೆಗೆದುಕೋ, ಚೆಕಿಂಗ್ ಬಂದರೆ ತೋರಿಸಬೇಕು.

ಗೌಡ್ರ ಮಗ:
ನೋಡಿ, ಅವರಿಗೆ ಬೆಟ್ಟವೂ ಫ್ರೀ ಬಸ್ಸೂ ಫ್ರೀ. ನಾವು ಗಂಡಸರು ದುಡ್ಡು ಕೊಟ್ಟು ನಿಂತುಕೊಂಡು ಹೋಗಬೇಕು.

ಪುಟ್ಟಕ್ಕ:
ಗೌಡ್ರೆ, ಮನೆಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿ. ಅರ್ಧ ಖರ್ಚು ಉಳಿಯುತ್ತದೆ, ಪುಣ್ಯವೂ ಬರುತ್ತದೆ.

ಬಂಡೆ ಮೇಲೆ:
ಅಕ್ಕ ಹೇಳಿದ್ದು ಸರಿ. ಸಾವನದುರ್ಗಕ್ಕೆ ಬಸ್ಸಲ್ಲಿ ಹೋಗಬಹುದು, ಆದರೆ ಲೆಕ್ಕ ಬೇಕು. ಮಾಗಡಿಗೆ ಬೇಕಾದಷ್ಟು ಬಸ್ ಇದೆ, ಮಾಗಡಿಯಿಂದ ಸಾವನದುರ್ಗಕ್ಕೆ ಕಡಿಮೆ. 1,226 ಮೀಟರಿನ ಒಂದೇ ಬಂಡೆ, ಮೆಟ್ಟಿಲು ಗಿಟ್ಟಿಲು ಏನೂ ಇಲ್ಲ. ಅಲ್ಲಿ ಜನ ಹತ್ತುವ ಗುಡ್ಡಕ್ಕೆ ಕರಿಗುಡ್ಡ ಅನ್ನುತ್ತಾರೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ಬಾಣದ ಗುರುತು ಹಾಕಿದ್ದಾರೆ, ಅದನ್ನು ಬಿಟ್ಟು ಪಕ್ಕಕ್ಕೆ ಹೋಗಬೇಡಿ. ಹತ್ತುವುದು ಸುಲಭ, ಇಳಿಯುವುದೇ ಕಷ್ಟ. ಕಾಲಿನ ಮುಂದೆ ಬಂಡೆ ಬಾಗಿ ಮಾಯವಾಗುತ್ತದೆ, ಅದರಾಚೆ ನೇರ ಮರದ ತುದಿ ಕಾಣುತ್ತದೆ. ಅಲ್ಲಿ ಎಷ್ಟೋ ಜನ ಕೂತೇ ಜಾರಿಕೊಂಡು ಇಳಿಯುತ್ತಾರೆ, ಪ್ಯಾಂಟ್ ಹಿಂಭಾಗ ಹರಿಯುವುದು ಮಾಮೂಲಿ.

ಮಳೆ ಬಂದ ಮರುದಿನ ಹೋಗಲೇಬೇಡಿ. ಬಂಡೆ ಮೇಲೆ ನೀರು ಹರಿದ ಕಪ್ಪು ಪಟ್ಟೆಗಳಿರುತ್ತವಲ್ಲ, ಅದು ಪಾಚಿ. ಒಣಗಿದಾಗ ಏನೂ ಆಗುವುದಿಲ್ಲ, ಒದ್ದೆಯಾದರೆ ಮುಗೀತು. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಬಂಡೆಗೆ ಕೈ ಇಡಲು ಆಗುವುದಿಲ್ಲ, ಕಾವಲಿ.

ಲೆದರ್ ಶೂ:
ಇದಕ್ಕೆಲ್ಲ ಒಳ್ಳೆ ಟ್ರೆಕ್ಕಿಂಗ್ ಶೂ ಬೇಕೇಬೇಕು. ನಾಲ್ಕೈದು ಸಾವಿರ ಆಗುತ್ತದೆ, ಆದರೆ ಪಾದದ ವಿಚಾರದಲ್ಲಿ ಕಂಜೂಸ್ ಮಾಡಬೇಡಿ.

ನೆಲಮಂಗಲದವನು:
ನಮ್ಮೂರ ಹೆಂಗಸರು ತಲೆ ಮೇಲೆ ಪೂಜೆ ಸಾಮಾನು ಹೊತ್ತು ಬರಿಗಾಲಲ್ಲಿ ಶಿವಗಂಗೆ ಹತ್ತುತ್ತಾರೆ. ನಾಲ್ಕು ಸಾವಿರದ ಶೂ ಹಾಕಿಕೊಂಡವರು ಅವರ ಹಿಂದೆ ಏದುಸಿರು ಬಿಡುತ್ತಿರುತ್ತಾರೆ.

ಬಂಡೆ ಮೇಲೆ:
ಬರಿಗಾಲು ಬಂಡೆಯನ್ನು ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಅವರದು ಹುಟ್ಟಿದಾಗಿನಿಂದ ನಡೆದ ಪಾದ. ನಮ್ಮ ಪೇಟೆ ಪಾದಕ್ಕೆ ಅಡಿ ಸವೆಯದ ಕ್ಯಾನ್ವಾಸ್ ಶೂ ಸಾಕು. ಅಡಿ ಸವೆದು ನುಣ್ಣಗಾದ ಶೂ ಮಾತ್ರ ಬೇಡ, ಅದಕ್ಕೆ ಎಷ್ಟೇ ದುಡ್ಡು ಕೊಟ್ಟಿದ್ದರೂ.

ಟಿಕೆಟ್ ಪ್ಲೀಸ್:
ಯಾರೂ ಬುಕಿಂಗ್ ವಿಚಾರ ಎತ್ತಲಿಲ್ಲವಲ್ಲ. ಅರಣ್ಯ ಇಲಾಖೆ ಕೈಲಿರುವ ಟ್ರೆಕ್‌ಗಳಿಗೆ ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಮಾಡಬೇಕು. ಸ್ಕಂದಗಿರಿ, ಮಾಕಳಿದುರ್ಗ, ಸಾವನದುರ್ಗ ಎಲ್ಲ ಇದರಲ್ಲೇ ಬರುತ್ತವೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೋ ಓಡಾಡಿತಲ್ಲ, ಆಮೇಲೆ ಬಿಗಿ ಮಾಡಿದರು. ಈಗ ಅರಣ್ಯ ವಿಹಾರ ಅಂತ ವೆಬ್‌ಸೈಟ್ ಇದೆ. ಶನಿವಾರ ರಾತ್ರಿ ನೋಡಿದರೆ ಭಾನುವಾರದ್ದು ಖಾಲಿ ಇರುವುದಿಲ್ಲ, ವಾರದ ಮೊದಲೇ ನೋಡಿ. ಶಿವಗಂಗೆಗೆ ಈ ತಾಪತ್ರಯ ಇಲ್ಲ.

ಕುಪ್ಪಳಿಸುವ ಕಪ್ಪೆ:
ಮಾಕಳಿದುರ್ಗಕ್ಕೆ ರೈಲು ಹಳಿ ಮೇಲೆ ನಡೆದು ಹೋಗುವುದೇ ಮಜಾ. ಕೆಳಗೆ ರೈಲು ತಿರುವಿನಲ್ಲಿ ಬರುವ ರೀಲ್ ನೋಡಿದ್ದೀರಲ್ಲ. ಹೋದರೆ ಅದನ್ನು ಬಿಡಬೇಡಿ.

ಗ್ಯಾಂಗ್‌ಮನ್ ಮಗ:
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಹಳಿ ಮೇಲೆ ನಡೆಯುವುದು ಅಪರಾಧ. ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯ್ದೆ ಪಕ್ಕಕ್ಕಿಡಿ. ತಿರುವಿನಲ್ಲಿ ಎದುರು ಗಾಳಿ ಇದ್ದರೆ ಹಿಂದಿನಿಂದ ಬರುವ ಎಲೆಕ್ಟ್ರಿಕ್ ಎಂಜಿನ್ ಸದ್ದು ಹತ್ತಿರ ಬರುವ ತನಕ ಕೇಳುವುದಿಲ್ಲ. ಅಪ್ಪ ಮೂವತ್ತು ವರ್ಷ ಹಳಿ ಮೇಲೆ ನಡೆದವರು, ಅವರೇ ಐದು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಿದ್ದರು.

ಕುಪ್ಪಳಿಸುವ ಕಪ್ಪೆ:
ಸರಿ ಅಣ್ಣ, ಒಪ್ಪಿದೆ.

ರಣಹದ್ದು:
ರೈಲಿನ ಮಾತು ಬಂತಲ್ಲ, ರಾಮನಗರ ಯಾರೂ ಹೇಳಲಿಲ್ಲ. ಮೈಸೂರು ಕಡೆಯ ಮೆಮು ಹತ್ತಿದರೆ ಕೆಂಗೇರಿ, ಬಿಡದಿ, ರಾಮನಗರ. ಸ್ಟೇಷನ್‌ನಿಂದ ರಾಮದೇವರ ಬೆಟ್ಟಕ್ಕೆ ಆಟೋ. ಮೆಟ್ಟಿಲು ಇದೆ, ಮೇಲೆ ಬಂಡೆಗಳ ನಡುವೆ ರಾಮನ ಗುಡಿ ಇದೆ.

ಆದರೆ ನಾನು ಹೋಗುವುದು ಹಕ್ಕಿಗೆ. ದೇಶದಲ್ಲಿ ರಣಹದ್ದಿಗೆ ಅಂತಲೇ ಮಾಡಿದ ಮೊದಲ ಧಾಮ ಇದು, 2012ರಲ್ಲಿ ಘೋಷಣೆಯಾಯಿತು. ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಅಂಚಲ್ಲಿ ಗೂಡು ಕಟ್ಟುತ್ತದೆ. ಬಂಡೆ ಮೇಲೆ ಸುಣ್ಣ ಸುರಿದ ಹಾಗೆ ಬಿಳಿ ಗೆರೆ ಕಂಡರೆ ಅದೇ ಅವು ಕೂರುವ ಜಾಗ. ಈಗ ಉಳಿದಿರುವುದು ಬೆರಳೆಣಿಕೆ, ಆದ್ದರಿಂದ ಕಂಡೇ ಕಾಣುತ್ತದೆ ಅಂತ ಹೋಗಬೇಡಿ. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಇವನ್ನು ದೇಶಾದ್ಯಂತ ಬಲಿ ತೆಗೆದುಕೊಂಡಿತು. ಸತ್ತ ದನ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟುಹೋಗುತ್ತಿತ್ತು. 2006ರಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸಿದರು, ಆದರೆ ಒಂದು ಜೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಸಂಖ್ಯೆ ಮತ್ತೆ ಏರುವುದು ಯಾವಾಗ?

ಅಲ್ಲಿ ಹೋಗಿ ಕಿರುಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪ್ರತಿಧ್ವನಿ ಬರುತ್ತದೆ ಅಂತ ಕೂಗುತ್ತಾರೆ. ಆಗುಂಬೆಗೆ ಹೋದರೂ ಕೂಗುತ್ತಾರೆ, ರಾಮನಗರದಲ್ಲೂ ಕೂಗುತ್ತಾರೆ.

ಗೌಡ್ರ ಮಗ:
ರಾಮನಗರ ಅನ್ನಬಾರದು ಸ್ವಾಮಿ, ಈಗ ಬೆಂಗಳೂರು ದಕ್ಷಿಣ ಜಿಲ್ಲೆ.

ರಣಹದ್ದು:
ಜಿಲ್ಲೆಗೆ ಏನಾದರೂ ಕರೆಯಿರಿ. ನಾನು ಇಳಿಯುವುದು ಸ್ಟೇಷನ್‌ನಲ್ಲಿ.

ಅರ್ಕಾವತಿ ದಂಡೆ:
ಇಲ್ಲಿ ಹೇಳಿದ ಜಾಗಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಬಹುದು, ಗಮನಿಸಿದ್ದೀರಾ? ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಹೆಸರಘಟ್ಟದ ಕೆರೆಗೆ ಬರುತ್ತದೆ, 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲು ನಲ್ಲಿ ನೀರು ಕೊಟ್ಟದ್ದು ಅಲ್ಲಿಂದ. ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ಬಂದು ಅರ್ಕಾವತಿಗೆ ಸೇರುವಲ್ಲಿ ತಿಪ್ಪಗೊಂಡನಹಳ್ಳಿ ಅಣೆಕಟ್ಟು, ಅದು 1933ರದ್ದು. ಮುಂದೆ ಸಾವನದುರ್ಗದ ಹತ್ತಿರ ಮಂಚನಬೆಲೆ ಅಣೆಕಟ್ಟು. ಆಮೇಲೆ ರಾಮನಗರ. ಕೊನೆಗೆ ಸಂಗಮದಲ್ಲಿ ಕಾವೇರಿ.

ನಾವು ಕಾಲೇಜಿನ ಗೆಳೆಯರು ಸೇರಿ ಈ ನದಿಯನ್ನು ಬಸ್ಸಲ್ಲೇ ಹಿಂಬಾಲಿಸುತ್ತಿದ್ದೇವೆ, ಒಂದೊಂದು ಭಾನುವಾರ ಒಂದೊಂದು ತುಂಡು. ಎಷ್ಟೋ ಕಡೆ ನದಿ ಅನ್ನುವುದು ಜಾಲಿ ಮುಳ್ಳು ಬೆಳೆದ ಹಳ್ಳ ಅಷ್ಟೇ. ದೊಡ್ಡಬಳ್ಳಾಪುರದ ಕೆಳಗೆ ಒಬ್ಬ ಅಜ್ಜನನ್ನು ನದಿ ಎಲ್ಲಿ ಅಂತ ಕೇಳಿದೆವು. ನೀವು ನಿಂತಿದ್ದೀರಲ್ಲ, ಅದೇ ಅಂದರು. ಮಂಚನಬೆಲೆಯಲ್ಲಿ ನೀರಿದೆ, ಆದರೆ ಇಳಿಯಬೇಡಿ. ಅಲ್ಲಿ ಮುಳುಗಿ ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಕಿಟಕಿ ಸೀಟು:
ಆಹಾ, ಇದು ಐಡಿಯಾ! ಇದಕ್ಕೆ ಬೇರೆ ಥ್ರೆಡ್ ಹಾಕಿ ಸರ್.

ಎಂಟನೇ ಮೈಲಿ ಹುಡುಗಿ:
ಶಿವಗಂಗೆಗೆ ಹೋಗಿಬಂದೆ! ರೂಮ್‌ಮೇಟ್ ಕೊನೇ ಕ್ಷಣದಲ್ಲಿ ಕೈಕೊಟ್ಟಳು, ಒಬ್ಬಳೇ ಹೋದೆ. ಆರೂವರೆಗೆ ಬಸ್, ದಾಬಸ್‌ಪೇಟೆಯಲ್ಲಿ ಇಡ್ಲಿ, ಅಲ್ಲಿಂದ ಆಟೋದಲ್ಲಿ ಹೂವಿನ ಬುಟ್ಟಿಗಳ ನಡುವೆ ಕೂತು ಬುಡಕ್ಕೆ. ಪುಟ್ಟಕ್ಕ ಹೇಳಿದ ಹಾಗೆ ಟೀ ಅಂಗಡಿಯಲ್ಲಿ ಬಸ್ ಕೇಳಿದೆ. ಆ ಅಂಗಡಿಯಮ್ಮ ನನ್ನ ಕೈಲಿದ್ದ ಪ್ಲಾಸ್ಟಿಕ್ ಕವರ್ ನೋಡಿ, ಅದನ್ನು ಬ್ಯಾಗಿನೊಳಗೆ ಹಾಕು ಮಗ, ಕೋತಿ ಬಿಡಲ್ಲ ಅಂದರು.

ಸರಿಯಾಗೇ ಹೇಳಿದ್ದರು. ನನ್ನ ಮುಂದಿದ್ದ ಹುಡುಗನ ಕೈಯಿಂದ ಒಂದು ಕೋತಿ ಜ್ಯೂಸ್ ಬಾಟಲಿ ಕಿತ್ತುಕೊಂಡಿತು. ಓಡಿಹೋಗಲಿಲ್ಲ. ಅಲ್ಲೇ ಕಂಬಿ ಮೇಲೆ ಕೂತು, ಎಡಗೈಲಿ ಬಾಟಲಿ ಹಿಡಿದು, ಬಲಗೈಲಿ ಮುಚ್ಚಳ ತಿರುಗಿಸಿ ತೆಗೆದು, ಮುಚ್ಚಳ ಕೆಳಗೆ ಎಸೆದು ಕುಡಿಯಿತು. ಮರಿ ಕೈ ಚಾಚಿದರೆ ಒಂದು ಏಟು ಕೊಟ್ಟಿತು. ಆ ಹುಡುಗ ಪಾಪ ನೋಡುತ್ತಾ ನಿಂತಿದ್ದ.

ಪುಣ್ಯ ಇದ್ದವರಿಗೆ ಮಾತ್ರ ನೀರು ಸಿಗುತ್ತದೆ ಅನ್ನುತ್ತಾರಲ್ಲ, ಆ ಒಳಕಲ್ಲು ತೀರ್ಥದ ಗುಂಡಿಗೆ ಕೈ ಹಾಕಿದೆ, ನೀರು ಸಿಕ್ಕಿತು! ತುದಿಗೆ ಹತ್ತುವ ಕೊನೇ ಭಾಗ ಮಾತ್ರ ಜೋರು. ಕಂಬಿ ಹಿಡಿದುಕೊಂಡು, ಬಂಡೆಯಲ್ಲಿ ಕೊರೆದ ಸಣ್ಣ ಮೆಟ್ಟಿಲಲ್ಲಿ ಪಾದ ಅಡ್ಡ ಇಟ್ಟು ಹತ್ತಬೇಕು. ಕಂಬಿ ಎಷ್ಟು ಜನರ ಕೈಯಾಡಿದೆಯೋ, ಬೆಳ್ಳಿ ಹಾಗೆ ಹೊಳೆಯುತ್ತದೆ. ಮೇಲೆ ಗಾಳಿಗೆ ದುಪಟ್ಟಾ ನಿಲ್ಲಲಿಲ್ಲ, ಸೊಂಟಕ್ಕೆ ಕಟ್ಟಿಕೊಂಡೆ. ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದು ಒಂದು ಗಂಟೆ ಸುಮ್ನೆ ಕೂತಿದ್ದೆ. ಶಾಂತಲಾ ಡ್ರಾಪ್ ಹತ್ತಿರ ಒಬ್ಬರು ರಾಣಿ ಶಾಂತಲೆ ಹಾರಿದ ಕಥೆ ಹೇಳುತ್ತಿದ್ದರು. ಅದು ನಿಜವಾ?

ಮೂರು ಗಂಟೆಗೆ ಕೆಳಗೆ, ಐದೂವರೆಗೆ ಪಿಜಿ. ಖರ್ಚು ಆಟೋ, ಇಡ್ಲಿ, ಸೌತೆಕಾಯಿ, ಟೀ.

ಶಾಸನ ಓದುವವ:
ಶಾಂತಲೆ ಹೊಯ್ಸಳ ವಿಷ್ಣುವರ್ಧನನ ರಾಣಿ. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅನ್ನುವುದಕ್ಕೆ ಶ್ರವಣಬೆಳಗೊಳದ ಶಾಸನ ಇದೆ. ಅವಳು ಜೈನಳು. ಬಂಡೆಯಿಂದ ಹಾರಿದಳು ಅನ್ನುವುದು ಜನ ಹೇಳುವ ಕಥೆ. ಬಂಡೆಗೆ ಆ ಇಂಗ್ಲಿಷ್ ಹೆಸರು ಹೇಗೆ ಅಂಟಿತು ಅಂತ ಊಹಿಸಬಹುದು, ನಂದಿಯಲ್ಲಿ ಕೈದಿಗಳನ್ನು ಕೆಳಗೆ ತಳ್ಳುತ್ತಿದ್ದರು ಅಂತ ಹೇಳುವ ಟಿಪ್ಪು ಡ್ರಾಪ್ ಇದೆಯಲ್ಲ.

ಸುಮ್ನೆ ಬಂದೆ:
ಕರ್ನಾಟಕದಲ್ಲಿ ಎತ್ತರದ ಬಂಡೆ ಇದ್ದ ಕಡೆಯೆಲ್ಲ ಯಾರನ್ನಾದರೂ ತಳ್ಳಲೇಬೇಕು.

ಜೇನುಗೂಡು:
ಒಂದು ಮಾತು ಸೇರಿಸುತ್ತೇನೆ, ಮೇಲೆ ಯಾರೂ ಬರೆದಿಲ್ಲ. ಈ ಬಂಡೆಗಳಲ್ಲೆಲ್ಲ ಹೆಜ್ಜೇನು ಇರುತ್ತದೆ. ಸೆಂಟ್ ಹೊಡೆದುಕೊಂಡು ಹೋಗಬೇಡಿ, ಸಿಗರೇಟು ಬೇಡ, ಕಲ್ಲು ಎಸೆಯುವುದಂತೂ ಬೇಡವೇ ಬೇಡ. ಒಂದು ಕಚ್ಚಿದರೆ ಆ ಕೊಂಡಿಯಿಂದ ಬರುವ ವಾಸನೆಗೆ ಉಳಿದವು ಅದೇ ಜಾಗಕ್ಕೆ ಬರುತ್ತವೆ. ಕೈ ಬೀಸುತ್ತಾ ನಿಲ್ಲಬೇಡಿ. ಮುಖ, ತಲೆ ಬಟ್ಟೆಯಲ್ಲಿ ಮುಚ್ಚಿಕೊಂಡು ಅಲ್ಲಿಂದ ದೂರ ಹೋಗಿ. ಕಡಿದಾದ ಜಾಗದಲ್ಲಿದ್ದರೆ ಓಡಬೇಡಿ, ಜೇನಿಗಿಂತ ಬಂಡೆ ಅಪಾಯ. ತುಂಬಾ ಕಚ್ಚಿದ್ದರೆ, ಉಸಿರು ಕಟ್ಟಿದ ಹಾಗಾದರೆ ನೇರ ಆಸ್ಪತ್ರೆ.

ಲಾಲ್‌ಬಾಗ್ ವಾಕರ್:
ಇಷ್ಟು ದೂರ ಯಾಕೆ? ಲಾಲ್‌ಬಾಗಿನ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡೇ ಇದೆ. ಮೇಲೆ ಕೆಂಪೇಗೌಡರ ಗೋಪುರ. ಹತ್ತಲು ಐದು ನಿಮಿಷ.

ಲೆದರ್ ಶೂ:
ಐದು ನಿಮಿಷಕ್ಕೆ ಶೂ ಲೇಸ್ ಕಟ್ಟುವುದೂ ಆಗುವುದಿಲ್ಲ ಸರ್.

ಲಾಲ್‌ಬಾಗ್ ವಾಕರ್:
ನನಗೆ 68 ವರ್ಷ ಮಗು. ನಿನ್ನ ವಯಸ್ಸಲ್ಲಿ ನಾವೂ ಸಾವನದುರ್ಗ ಹತ್ತಿದವರೇ, ಲೇಸ್ ಇಲ್ಲದ ಚಪ್ಪಲಿಯಲ್ಲಿ.

ಪುಟ್ಟಕ್ಕ:
ತಂಗಿ, ಒಬ್ಬಳೇ ಹೋಗಿಬಂದಿದ್ದು ಖುಷಿ ಆಯಿತು. ಮುಂದಿನದು ರಾಮನಗರ ಮಾಡು. ರೈಲು ಟಿಕೆಟನ್ನು ಫೋನಲ್ಲೇ ತೆಗೆದರೆ ಕ್ಯೂ ಇಲ್ಲ. ಆದರೆ ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ, ದುಡ್ಡು ಕೊಡಬೇಕು.

ಗೌಡ್ರ ಮಗ:
ಕೊನೆಗೂ ನ್ಯಾಯ ಸಿಕ್ಕಿತು.

ಎಂಟನೇ ಮೈಲಿ ಹುಡುಗಿ:
ಮಾಡುತ್ತೇನೆ ಅಕ್ಕ. ದಾಸರಹಳ್ಳಿಯಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್, ಅಲ್ಲಿಂದ ರೈಲು. ರಾಮನಗರದಲ್ಲಿ ಬೆಟ್ಟ ಮುಗಿಸಿ ಮಧ್ಯಾಹ್ನ ಮದ್ದೂರಿಗೆ ಹೋಗಿ ವಡೆ ತಿಂದು ಬರುವುದು ಅತಿ ಆಯಿತಾ?

ಸುಮ್ನೆ ಬಂದೆ:
ಅತಿ ಏನಿಲ್ಲ. ಆದರೆ ಬಿಡದಿ ತಟ್ಟೆ ಇಡ್ಲಿ ಬಿಟ್ಟು ಮದ್ದೂರಿನ ತನಕ ಯಾಕೆ?

ಕಿಟಕಿ ಸೀಟು:
ಇಡ್ಲಿ ಬೆಳಿಗ್ಗೆಗೆ, ವಡೆ ಸಂಜೆಗೆ. ಈರುಳ್ಳಿ ಕಂದಿ ಅಂಚು ಕರುಮ್ ಅನ್ನುವ ಬಿಸಿ ವಡೆಗೆ ಇಡ್ಲಿಯನ್ನು ಹೋಲಿಸುವುದು ತಪ್ಪು. ಮಧ್ಯೆ ಚನ್ನಪಟ್ಟಣದಲ್ಲಿ ಇಳಿದು ಬೊಂಬೆನೂ ನೋಡಬಹುದು.

ಗೇರ್ ಸೈಕಲ್:
ಒಂದು ದಿನದಲ್ಲಿ ಬೆಟ್ಟ, ಬೊಂಬೆ, ವಡೆ. ಸ್ಕೂಟರ್ ಇದ್ದಿದ್ದರೆ ಆಗುತ್ತಿತ್ತು. ಅಷ್ಟೇ ನನ್ನ ಮಾತು.

ಗ್ಯಾಂಗ್‌ಮನ್ ಮಗ:
ರಾಮನಗರಕ್ಕೆ ಟಿಕೆಟ್ ತೆಗೆದು ಅದರಲ್ಲೇ ಮದ್ದೂರಿಗೆ ಹೋಗಬೇಡಿ ಮತ್ತೆ, ದಂಡ ಬೀಳುತ್ತದೆ. ರಾಮನಗರದಲ್ಲಿ ಇಳಿದ ಮೇಲೆ ಮದ್ದೂರಿಗೆ ಬೇರೆ ಟಿಕೆಟ್ ತೆಗೆಯಬೇಕು. ಮೆಮು ದರ ಕಡಿಮೆ, ವಡೆಗೆ ಕೊಡುವುದಕ್ಕಿಂತ ಜಾಸ್ತಿ ಆಗುವುದಿಲ್ಲ.

ಸುಮ್ನೆ ಬಂದೆ:
ಒಂದೇ ವಡೆ ತಿಂದರೆ ತಾನೇ.

ಪುಟ್ಟಕ್ಕ:
ಭಾನುವಾರ ಸಂಜೆ ಮೈಸೂರಿಂದ ಬರುವ ರೈಲಿನಲ್ಲಿ ಮದ್ದೂರಲ್ಲಿ ಹತ್ತಿದರೆ ಸೀಟು ಸಿಗುವುದು ಕಷ್ಟ, ಇದನ್ನೂ ಲೆಕ್ಕ ಹಾಕಿಕೋ. ಬಸ್ಸಲ್ಲಿ ವಾಪಸ್ ಬಂದರೆ ಮೈಸೂರು ರೋಡಿನ ಸ್ಯಾಟಲೈಟ್ ಬಸ್ ಸ್ಟ್ಯಾಂಡಲ್ಲಿ ಇಳಿದುಕೋ. ಮದ್ದೂರಲ್ಲೂ ಮೊದಲು ಕೊನೇ ಬಸ್ ಯಾವಾಗ ಅಂತ ಕೇಳು, ಆಮೇಲೆ ವಡೆ.